ಮೇಘದ ಮನೆಯಲ್ಲಿಟ್ಟ ವಹಿ

ವ್ಯಾಪಾರದ ವಿಷಯವಾಗಿ ಬರೆಯುವ ಅಧಿಕಾರವು ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದರೂಪಾವಳಿಯನ್ನೂ ಉರುಹೊಡೆದು, ಅನಂತರ 34 ವರ್ಷಗಳ ಕಾಲ ಹುಡುಗರಿಂದ ಅದನ್ನೇ ಉರುಹೊಡೆಯಿಸಿ, ಈಗ ಶಿರವಾಳದ ಮನೆಯ ಕಟ್ಟೆಯ ಮೇಲೆ ಕುಳಿತಿರುವ ಮಾಸ್ತರನಿಗೆ ಲಾಭನಷ್ಟಗಳ ಚಿಂತೆ ಏಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ಆದರೆ 2023ನೆಯ ಬೇಸಗೆಯಲ್ಲಿ ನನ್ನ ತಂಗಿಯ ಮಗನು ಬಂದು, ತನ್ನ ಅಂಗಡಿಯ ಲೆಕ್ಕವನ್ನೆಲ್ಲ ‘ಕ್ಲೌಡಿ’ಗೆ ಸಾಗಿಸುವ ಯೋಜನೆಯೊಂದನ್ನು ಬರೆದುಕೊಡಬೇಕೆಂದು ನನ್ನನ್ನೇ ಕೇಳಿದನು. ನಾನು ನಗಲಿಲ್ಲ, ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು.

ಅವನದು ಶಹಾಪುರದಲ್ಲಿ ಹತ್ತಿಯ ಅಡತಿ ಅಂಗಡಿ. ಪಾಲುದಾರರು ಮೂವರು: ಅವನು, ಅವನ ಕಾಕಾ, ಕಾಕಾನ ಹಳೆಯ ಸ್ನೇಹಿತರೊಬ್ಬರು. ಹಿರಿಯರಿಬ್ಬರೂ ಕನ್ನಡವನ್ನು ಬಿಟ್ಟು ಬೇರೆ ಭಾಷೆಯ ಕಾಗದಕ್ಕೆ ಸಹಿ ಹಾಕಲಾರರು. “ಮಾಮಾ, ನಾ ಹೇಳಿದ್ರ ಕಾಕಾ ಕೇಳಂಗಿಲ್ಲ. ನಮ್ಮ ಮನೀ ಲೆಕ್ಕ ಮಂದಿ ಮನ್ಯಾಗ ಯಾಕ ಇಡಬೇಕು ಅಂತಾರ. ನೀವು ಕನ್ನಡದಾಗ ನಾಕು ಹಾಳಿ ಬರ್ದು ಕೊಡ್ರಿ, ನಿಮ್ಮ ಮಾತಂದ್ರ ಓದ್ತಾರ” ಎಂದನು. ಕಾಕಾ ಕೇಳಿದ ಪ್ರಶ್ನೆಯು ಮೂರ್ಖರ ಪ್ರಶ್ನೆಯಲ್ಲ. ಅದಕ್ಕೆ ಉತ್ತರವನ್ನು ಹುಡುಕುವುದರಲ್ಲಿಯೇ ನನಗೆ ಆ ವರ್ಷದ ಬೇಸಗೆಯು ಕಳೆಯಿತು.

ಇನ್ನು ನನ್ನ ತಪ್ಪಿನ ಕಥೆ. ಆ ಅಂಗಡಿಯಲ್ಲಿ ಮೊದಲಿನಿಂದಲೂ ಕೀರ್ದಿ, ಖತಾವಣಿಗಳೆರಡೂ ಕೆಂಪು ಬಟ್ಟೆಯ ವಹಿಗಳಲ್ಲಿದ್ದವು. 2017ನೆಯ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಗಣಕಯಂತ್ರವು ಅನಿವಾರ್ಯವಾಯಿತು. ಮುನೀಮನು ಕೆಲವು ತಿಂಗಳು ಯಂತ್ರದಲ್ಲಿಯೂ ವಹಿಯಲ್ಲಿಯೂ ಬರೆಯುತ್ತಿದ್ದನು. ಒಂದು ದಿನ ಅದನ್ನು ಕಂಡ ನಾನು, “ಎರಡು ವಹಿ ಇಡುವುದು ಎರಡು ಮನಸ್ಸಿನ ಲಕ್ಷಣ, ಒಂದನ್ನು ಬಿಡಿರಿ” ಎಂದು ಬುದ್ಧಿ ಹೇಳಿದೆನು. ಹಿರಿಯರ ಮಾತೆಂದು ಅವರು ವಹಿಯನ್ನು ಬಿಟ್ಟರು.

2022ನೆಯ ಆಷಾಢದ ಒಂದು ರಾತ್ರಿ ಸಿಡಿಲು ಬಡಿಯಿತು. ವಿದ್ಯುತ್ತಿನ ತಂತಿಯೊಳಗಿಂದ ಬಂದ ಹೊಡೆತಕ್ಕೆ ಗಣಕಯಂತ್ರವೂ, ಪ್ರತಿಯನ್ನಿಡಲೆಂದು ಅದಕ್ಕೇ ಸದಾ ಚುಚ್ಚಿಟ್ಟಿದ್ದ ಪುಟ್ಟ ಪೆಟ್ಟಿಗೆಯೂ ಒಟ್ಟಿಗೆ ಸುಟ್ಟುಹೋದವು. ಮನೆಯ ಬೀಗದ ಕೈಯನ್ನೂ ಅದರ ಇನ್ನೊಂದು ಕೈಯನ್ನೂ ಒಂದೇ ಉಂಗುರಕ್ಕೆ ಹಾಕಿ ಕಳೆದುಕೊಂಡವನ ಗತಿ! ಉಳಿದದ್ದು ಆ ವರ್ಷದ ಜನವರಿಯಲ್ಲಿ ಅಚ್ಚು ಹಾಕಿಸಿಟ್ಟಿದ್ದ ಹಾಳೆಗಳು ಮಾತ್ರ. ಅಲ್ಲಿಂದ ಈಚೆಗಿನ ಐದಾರು ತಿಂಗಳ ಲೆಕ್ಕವನ್ನು ರೈತರ ಚೀಟಿಗಳಿಂದಲೂ, ಬ್ಯಾಂಕಿನ ಕಾಗದಗಳಿಂದಲೂ, ಮುನೀಮನ ನೆನಪಿನಿಂದಲೂ ಕೂಡಿಸಬೇಕಾಯಿತು.

ಆಗ ಬಂದವನು ನಮ್ಮ ಕಡೆಯ ಒಬ್ಬ ಮುದುಕ ರೈತ. ಅವನ ಮಗನು ನನ್ನ ಶಿಷ್ಯ. ಫೆಬ್ರುವರಿಯಲ್ಲಿ ಹತ್ತಿ ತೂಗಿಸಿ, ಬಂದ ಹಣದಲ್ಲಿ 46,500 ರೂಪಾಯಿಗಳನ್ನು ಮೊಮ್ಮಗಳ ಮದುವೆಗೆಂದು ಅಂಗಡಿಯಲ್ಲಿಯೇ ಬಿಟ್ಟಿದ್ದೆನೆಂದು ಅವನು ಹೇಳಿದನು. ಚೀಟಿ ಎಲ್ಲಿ ಎಂದರೆ ಸಿಗಲಿಲ್ಲ. ಮುನೀಮನಿಗೆ ಹಣ ಕೊಟ್ಟಂತೆಯೇ ನೆನಪು. ಇಬ್ಬರಿಗೂ ಬೇಕಾದವನೆಂದು ನನ್ನನ್ನು ನಡುವೆ ಕೂಡಿಸಿದರು. ನಾನು ಅರ್ಧ ಹಣವನ್ನು ತೆಗೆದುಕೊಂಡು ಮುಗಿಸೆಂದು ಮುದುಕನಿಗೆ ಹೇಳಿದೆನು. ನ್ಯಾಯವೆಂದು ನಾನು ತಿಳಿದದ್ದು ವಾಸ್ತವವಾಗಿ ಸುಲಭವಾದ ದಾರಿ ಮಾತ್ರವಾಗಿತ್ತು. ಅವನು ಎದ್ದು, ರುಮಾಲನ್ನು ಕೊಡವಿ, “ಮಾಸ್ತರ್ರೀ, ಅರ್ಧ ತಗೊಂಡ್ರ ನಾ ಅರ್ಧ ಸುಳ್ಳ ಹೇಳ್ದಂಗ ಆಗ್ತದ. ಇರ್ಲಿ ಬಿಡ್ರಿ” ಎಂದು ಹೇಳಿ ಹೊರಟುಹೋದನು.

ದೀಪಾವಳಿಗೆ ಮನೆಯನ್ನು ಸಾರಿಸುವಾಗ, ರೇಷನ್ ಕಾರ್ಡು ಇಡುವ ತಗಡಿನ ಡಬ್ಬಿಯ ತಳದಲ್ಲಿ ಆ ಚೀಟಿಯು ಅವನ ಸೊಸೆಗೆ ಸಿಕ್ಕಿತು. ಮುನೀಮನದೇ ಅಕ್ಷರ, 46,500. ಅಂಗಡಿಯವರು ಬಡ್ಡಿಸಹಿತ ಹಣವನ್ನು ಮನೆಗೇ ಒಯ್ದು ಕೊಟ್ಟರು. ಅವನು ಎಣಿಸಿ ತೆಗೆದುಕೊಂಡನು. ಆದರೆ ಸಂಜೆಗೊಮ್ಮೆ ನಮ್ಮ ಕಟ್ಟೆಗೆ ಬಂದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನು ಆ ಮೇಲೆ ಬರಲಿಲ್ಲ. ಆದುದರಿಂದಲೇ ಅಳಿಯನು ನಾಲ್ಕು ಹಾಳೆಗಳನ್ನು ಕೇಳಿದಾಗ ನಾನು ಇಲ್ಲವೆನ್ನಲಾರದೆ ಹೋದೆನು.

ಕ್ಲೌಡ್ ಎಂದರೇನು? ಹೆಸರನ್ನು ಕೇಳಿದೊಡನೆ ನನ್ನಂಥವನಿಗೆ ನೆನಪಾಗುವವನು ಕಾಳಿದಾಸನ ಯಕ್ಷ. ಭಾರತ ಸರಕಾರವೂ ತನ್ನ ಕಚೇರಿಗಳ ಕ್ಲೌಡಿಗೆ ‘ಮೇಘರಾಜ’ನೆಂದೇ ಹೆಸರಿಟ್ಟಿದೆ. ಹೆಸರು ಕಾವ್ಯಮಯವಾದರೂ ವಸ್ತುವು ಆಕಾಶದಲ್ಲಿಲ್ಲ. ಅದು ಯಾವುದೋ ನಗರದ ಹೊರಗೆ, ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಹಗಲಿರುಳು ತಂಪುಗಾಳಿಯನ್ನೂ ವಿದ್ಯುತ್ತನ್ನೂ ಊಡುತ್ತಿರುವ ಒಂದು ದೊಡ್ಡ ಕಟ್ಟಡ. ಅದರಲ್ಲಿ ನಮಗೆ ಬೇಕಾದಷ್ಟು ಜಾಗವನ್ನೂ ಕೆಲಸವನ್ನೂ ತಂತಿಯ ಮೂಲಕ ಬಾಡಿಗೆಗೆ ಪಡೆಯುವುದೇ ಈ ವಿದ್ಯೆಯ ಸಾರ. ಗಣನೆಯನ್ನು ಟೆಲಿಫೋನಿನಂತೆ ಸಾರ್ವಜನಿಕ ಸೌಕರ್ಯವಾಗಿ ಮಾರುವ ಕಾಲವು ಬಂದೀತೆಂದು ಅಮೆರಿಕದ ಜಾನ್ ಮೆಕಾರ್ಥಿಯೆಂಬ ಪಂಡಿತನು 1961ರಲ್ಲಿಯೇ ಹೇಳಿದ್ದನು. 2006ರಲ್ಲಿ ಅಮೆಜಾನ್ ಸಂಸ್ಥೆಯು ಮಾರ್ಚಿಯಲ್ಲಿ ಸಂಗ್ರಹಸ್ಥಳವನ್ನೂ, ಆಗಸ್ಟಿನಲ್ಲಿ ಗಣನಶಕ್ತಿಯನ್ನೂ ಬಾಡಿಗೆಗೆ ಕೊಡಲಾರಂಭಿಸಿದ ಮೇಲೆ ಆ ಮಾತು ನಿಜವಾಯಿತು.

ಬಾಡಿಗೆಯಲ್ಲಿ ಮೂರು ತೆರ. ಬರಿಯ ನಿವೇಶನವನ್ನು ಪಡೆದು ಮನೆಯನ್ನು ನಾವೇ ಕಟ್ಟಿಕೊಳ್ಳುವುದೊಂದು. ಗೋಡೆ ಚಾವಣಿಗಳಿರುವ ಮನೆಯನ್ನು ಪಡೆದು ಸಾಮಾನನ್ನು ನಾವು ತರುವುದು ಎರಡನೆಯದು. ಪಾತ್ರೆ ಪಡಗಗಳ ಸಹಿತ ಸಿದ್ಧವಾದ ಮನೆಯನ್ನು ಹೊಕ್ಕು ಅಡಿಗೆ ಮಾಡಿಕೊಳ್ಳುವುದು ಮೂರನೆಯದು. ಲೆಕ್ಕದ ಸಿದ್ಧ ತಂತ್ರಾಂಶವನ್ನು ತಿಂಗಳ ಬಾಡಿಗೆಗೆ ಪಡೆಯುವುದು ಈ ಮೂರನೆಯ ಜಾತಿ. ಮನೆಯಲ್ಲಿ ತಜ್ಞನಿಲ್ಲದ ಸಣ್ಣ ಅಂಗಡಿಗೆ ಅದೇ ಸರಿಯೆಂದು ನಾವು ಮೊದಲೇ ನಿಶ್ಚಯಿಸಿದೆವು.

ಮೊದಲನೆಯ ಹಾಳೆಗೆ ‘ಇರುವುದೇನು’ ಎಂದು ತಲೆಬರೆಹ ಕೊಟ್ಟೆನು. ಕೊಳೆಯಾದ ಕಾಳನ್ನು ಹೊಸ ಕಣಜಕ್ಕೆ ಸುರಿದರೆ ಕಣಜವೂ ಕೆಡುವುದು. ಈ ವಿಷಯದಲ್ಲಿ ನಮ್ಮ ನಾಡಿನ ‘ಭೂಮಿ’ ಯೋಜನೆಯೇ ನನಗೆ ಗುರುವಾಯಿತು. ಗ್ರಾಮಲೆಕ್ಕಿಗರ ಚೀಲಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ರೈತರ ಹಕ್ಕುಗಳನ್ನು, ಕರ್ನಾಟಕವು ತಾಲೂಕು ತಾಲೂಕಾಗಿ ಗಣಕಯಂತ್ರಕ್ಕೆ ಏರಿಸಿತು. ಏರಿಸಿದ್ದನ್ನು ಅಚ್ಚು ಹಾಕಿ ಮೂಲದೊಡನೆ ತಾಳೆ ನೋಡಿಸಿತು. ಅದೆಲ್ಲ ಮುಗಿದ ಮೇಲೆ 2002ರಲ್ಲಿ ಕೈಬರೆಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿತು. ಹಳೆಯದನ್ನು ಬಿಡುವುದು ಕೊನೆಯ ಹೆಜ್ಜೆಯೇ ಹೊರತು ಮೊದಲಿನದಲ್ಲ. 2017ರಲ್ಲಿ ನಾನು ಹೇಳಿಕೊಟ್ಟದ್ದು ಇದರ ವಿಪರೀತ ಕ್ರಮವನ್ನು. ಆದುದರಿಂದ ಖಾತೆದಾರರ ಹೆಸರು, ಬಾಕಿ, ಜಮೆಗಳನ್ನು ಮೊದಲು ಶುದ್ಧಮಾಡುವುದು, 2023–24ರ ಹತ್ತಿಯ ಹಂಗಾಮೆಲ್ಲ ಹೊಸದನ್ನೂ ವಹಿಯನ್ನೂ ಜೊತೆಯಾಗಿ ನಡೆಸುವುದು, ಎರಡೂ ತಾಳೆಯಾದರೆ ಮಾತ್ರ 2024ರ ಏಪ್ರಿಲ್ 1ರಿಂದ ಕ್ಲೌಡನ್ನು ಪ್ರಮಾಣವೆಂದು ಒಪ್ಪುವುದು, ಎಂದು ಬರೆದೆನು.

ಎರಡನೆಯ ಹಾಳೆ ‘ಯಾರ ಮನೆ’ ಎಂಬುದು. ಇದು ಕಾಕಾನ ಪ್ರಶ್ನೆಗೆ ಉತ್ತರ. ಮಂದಿಯ ಮನೆಯಲ್ಲಿಡುವುದು ನಮಗೆ ಹೊಸತಲ್ಲ. ಹಣವನ್ನು ಬ್ಯಾಂಕಿನಲ್ಲಿಡುವುದೂ ಅದೇ. ಇಡುವುದಕ್ಕೆ ಮೊದಲು ಕರಾರನ್ನು ಓದಬೇಕು. ದತ್ತಾಂಶದ ಒಡೆಯರು ನಾವೇ ಎಂಬ ಮಾತು ಅದರಲ್ಲಿ ಇರಬೇಕು. ಲೆಕ್ಕವು ಭಾರತದೊಳಗಿನ ಕಟ್ಟಡದಲ್ಲಿಯೇ ಇರುವುದೇ ಎಂದು ಕೇಳಬೇಕು. ಜಿ.ಎಸ್.ಟಿ. ಕಾಯಿದೆಯಂತೆ ವಹಿಗಳನ್ನು ಆ ವರ್ಷದ ವಾರ್ಷಿಕ ವಿವರಪತ್ರದ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕಾಗಿರುವುದರಿಂದ, ಬಾಡಿಗೆಯನ್ನು ನಿಲ್ಲಿಸಿದ ಮರುದಿನ ಎಲ್ಲವನ್ನೂ ಅಳಿಸಿಹಾಕುವವರ ಸಹವಾಸವು ಬೇಡ. ಬಿಟ್ಟು ಹೋಗುವಾಗ ನಮ್ಮ ಲೆಕ್ಕವನ್ನು ಬೇರೆ ಯಂತ್ರವೂ ಓದಬಲ್ಲ ರೂಪದಲ್ಲಿ ಮರಳಿ ಕೊಡುವರೇ ಎಂಬುದನ್ನು ಸೇರುವ ದಿನವೇ ಕೇಳಿಕೊಳ್ಳಬೇಕು. ಚಕ್ರವ್ಯೂಹದಲ್ಲಿ ಹೊಗುವ ದಾರಿಯನ್ನಷ್ಟೇ ಬಲ್ಲವನ ಗತಿಯು ಏನಾಯಿತೆಂಬುದನ್ನು ಭಾರತವನ್ನು ಕೇಳಿದವರೆಲ್ಲ ಬಲ್ಲರು.

ಖರ್ಚಿನ ಮಾತನ್ನೂ ಇದೇ ಹಾಳೆಯಲ್ಲಿ ಇಟ್ಟೆನು. ಯಂತ್ರವನ್ನು ಕೊಂಡರೆ ಒಮ್ಮೆ ದೊಡ್ಡ ವೆಚ್ಚ. ಬಾಡಿಗೆಯಾದರೆ ತಿಂಗಳಿಗೆ ಸಣ್ಣದು, ಆದರೆ ಅದಕ್ಕೆ ಕೊನೆಯಿಲ್ಲ. ಆದುದರಿಂದ ಒಂದು ತಿಂಗಳ ದರವನ್ನು ನೋಡಿ ಹಿಗ್ಗದೆ, ಐದು ವರ್ಷಗಳ ಮೊತ್ತವನ್ನು ಕೂಡಿಸಿ ಎರಡನ್ನೂ ತೂಗಬೇಕು. ಹತ್ತಿಯ ಅಡತಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವುಂಟು. ಸುಗ್ಗಿಯ ನಾಲ್ಕೈದು ತಿಂಗಳು ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಉಳಿದ ಕಾಲದಲ್ಲಿ ನೊಣಗಳೇ ಗಿರಾಕಿಗಳು. ಬರೆಯುವವರ ತಲೆಯೆಣಿಕೆಯ ಮೇಲೆ ಬಾಡಿಗೆ ಕೊಡುವ ಪದ್ಧತಿಯಲ್ಲಿ, ಸುಗ್ಗಿಗೆ ಐವರನ್ನಿಟ್ಟು ಆಮೇಲೆ ಇಬ್ಬರಿಗೆ ಇಳಿಸಬಹುದು. ಕೊಂಡ ಯಂತ್ರವು ಹೀಗೆ ಹಿಗ್ಗಿ ಕುಗ್ಗಲಾರದು.

ಲೆಕ್ಕವು ಹೋಗಿ ಕೂಡುವುದು ಹೈದರಾಬಾದಿನಲ್ಲಿಯೂ ಆಗಬಹುದೆಂದು ಅಳಿಯನು ಹೇಳಿದನು. ಅಮೆಜಾನ್ ಸಂಸ್ಥೆಯು 2022ರ ನವೆಂಬರಿನಲ್ಲಿ ಅಲ್ಲಿ ತನ್ನ ಕಟ್ಟಡಗಳನ್ನು ತೆರೆದಿತ್ತು. ಅದನ್ನು ಕೇಳಿ ನನಗೆ ಒಳಗೇ ನಗು ಬಂದಿತು. 1948ರ ವರೆಗೆ ನಮ್ಮ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ಉರ್ದುವಿನ ಕಾಗದಗಳನ್ನು ಓದಿಸಿಕೊಳ್ಳಲು ನಮ್ಮ ಅಜ್ಜಂದಿರು ಯಾರ ಯಾರದೋ ಬಾಗಿಲನ್ನು ಕಾಯುತ್ತಿದ್ದರು. ಕೃಷ್ಣೆ ಭೀಮೆಗಳ ನಡುವಣ ರೈತನ ಲೆಕ್ಕವು ಮತ್ತೆ ಹೈದರಾಬಾದಿಗೆ ಹೊರಟಿತೇ! ಆದರೆ ಈ ಸಲ ಅದನ್ನು ಶಹಾಪುರದಲ್ಲಿ ಕುಳಿತೇ ಕನ್ನಡದಲ್ಲಿ ಓದಲು ಬರುವುದಾದರೆ, ಕಟ್ಟಡವು ಎಲ್ಲಿದ್ದರೇನು? ಆದುದರಿಂದ ರೈತನಿಗೆ ಹೋಗುವ ಕಾಗದವು ಕನ್ನಡದಲ್ಲಿಯೇ ಬರಬೇಕೆಂಬ ಒಂದು ಸಾಲನ್ನು ಕರಾರಿನ ಬೇಡಿಕೆಗಳಲ್ಲಿ ಸೇರಿಸಿದೆನು.

ಮೂರನೆಯ ಹಾಳೆ ‘ಮನೆ ಸುಟ್ಟರೆ’. ಕ್ಲೌಡಿನಲ್ಲಿಟ್ಟದ್ದು ಅಳಿಯದೆಂಬುದು ಭ್ರಮೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿಯನ್ನಿಡದಿದ್ದ ಗಿರಾಕಿಗಳು ತಮ್ಮದನ್ನು ಶಾಶ್ವತವಾಗಿ ಕಳೆದುಕೊಂಡರು. ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಒಂದು ಮಾತುಂಟು. ಪಡೆಯದಿದ್ದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ. ವ್ಯಾಪಾರಿಗಳ ಮನಸ್ಸೆಲ್ಲ ಯೋಗದ ಕಡೆಗೆ. ಕ್ಷೇಮವನ್ನು ಬಾಡಿಗೆಯ ಮನೆಯವನಿಗೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ಆದರೆ ಕ್ಷೇಮದ ಭಾರವನ್ನು ಬಾಡಿಗೆಗೆ ಕೊಡಲು ಬರುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆ ಎಲ್ಲ ಲೆಕ್ಕವನ್ನೂ ಇಳಿಸಿಕೊಂಡು, ತಂತಿಗೆ ಜೋಡಿಸದ ಪೆಟ್ಟಿಗೆಯಲ್ಲಿಟ್ಟು, ಅಂಗಡಿಯಲ್ಲಲ್ಲದೆ ಕಾಕಾನ ಮನೆಯ ಕಪಾಟಿನಲ್ಲಿ ಇಡಬೇಕು. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ನಿಜವಾಗಿಯೂ ಲೆಕ್ಕವನ್ನು ಎಬ್ಬಿಸಿ ನೋಡಬೇಕು. ಪರೀಕ್ಷೆಯಿಲ್ಲದ ವಿದ್ಯೆಯೂ ಪರೀಕ್ಷೆಯಿಲ್ಲದ ಪ್ರತಿಯೂ ಸಮಯಕ್ಕೆ ಒದಗುವುದಿಲ್ಲ. ಗಾಳಿಮಳೆಗೆ ವಿದ್ಯುತ್ತೂ ಇಂಟರ್ನೆಟ್ಟೂ ಹೋಗುವ ನಮ್ಮ ಊರುಗಳಲ್ಲಿ ಬ್ಯಾಟರಿಯೂ ಎರಡು ಬೇರೆ ಕಂಪನಿಗಳ ಸಿಮ್ಮುಗಳೂ ಇರಬೇಕು. ಅವೂ ಕೈಕೊಟ್ಟ ದಿನಕ್ಕೆ ಕಾರ್ಬನ್ ಹಾಳೆಯ ಚೀಟಿಪುಸ್ತಕವು ಇದ್ದೇ ಇರಬೇಕು.

ನಾಲ್ಕನೆಯ ಹಾಳೆ ‘ಮನುಷ್ಯರು’. ಬರೆಯಲು ಬಹಳ ದಿನ ಹಿಡಿದದ್ದು ಇದೇ. ನಮ್ಮ ಹುಟ್ಟೂರಿನ ಹಳೆಯ ಗುಡಿಗಳ ಅಂಗಳದಲ್ಲಿ ಆಡಿ ಬೆಳೆದವನು ನಾನು. ಪೂರ್ವಿಕರು ದಾನವನ್ನು ಕಲ್ಲಿನಲ್ಲಿ ಬರೆಯಿಸಿ, ಹೋಗಿಬರುವವರೆಲ್ಲ ನೋಡುವ ಕಡೆ ನಿಲ್ಲಿಸುತ್ತಿದ್ದರು. ತಾಮ್ರಶಾಸನವನ್ನಾದರೆ ದಾನ ಪಡೆದವನ ಕೈಯಲ್ಲಿಯೇ ಕೊಡುತ್ತಿದ್ದರು. ಅರಮನೆಯೇ ಹಾಳಾದರೂ ಹಕ್ಕಿನ ಪತ್ರವು ಹಕ್ಕುದಾರನ ಮನೆಯಲ್ಲಿರುತ್ತಿತ್ತು. ‘ಭೂಮಿ’ಯ ಕಿಟಕಿಗಳಲ್ಲಿಯೂ ಈ ಧರ್ಮವನ್ನು ಬೇರೊಂದು ರೀತಿಯಲ್ಲಿ ಪಾಲಿಸಿದ್ದರು. ಬರೆಯುವವನ ಎದುರಿಗೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿ ಇನ್ನೊಂದು. ಯಂತ್ರವನ್ನು ಮುಟ್ಟುವ ನೌಕರನು ಹೆಬ್ಬೆರಳಿನ ಗುರುತನ್ನು ಒತ್ತಿದ ಮೇಲೆಯೇ ಅದು ತೆರೆಯುತ್ತಿತ್ತು. ನಮ್ಮ ಮುದುಕನ ಹಣವನ್ನು ಉಳಿಸಿದ್ದೂ ಅಂಗಡಿಯ ಯಂತ್ರವಲ್ಲ, ಅವನದೇ ತಗಡಿನ ಡಬ್ಬಿ. ಆದುದರಿಂದ ಹೀಗೆ ಬರೆದೆನು: ಜಮೆ ಖರ್ಚುಗಳಾದ ಕೂಡಲೇ ಖಾತೆದಾರನ ಫೋನಿಗೆ ಕನ್ನಡದಲ್ಲಿ ಸಂದೇಶವು ಹೋಗಬೇಕು, ಕೈಗೆ ಅಚ್ಚಿನ ಚೀಟಿಯೂ ಬರಬೇಕು, ಪ್ರತಿಯೊಬ್ಬ ಬರೆಹಗಾರನಿಗೂ ಬೇರೆ ಪಾಸ್‌ವರ್ಡು ಇರಬೇಕು, ಯಾರು ಎಂದು ಏನನ್ನು ತಿದ್ದಿದರೆಂಬ ಜಾಡನ್ನು ಅಳಿಸುವ ಅಧಿಕಾರವು ಪಾಲುದಾರರಿಗೂ ಇರಕೂಡದು. ಕಂಪನಿಗಳ ಲೆಕ್ಕದ ತಂತ್ರಾಂಶಕ್ಕೆ ಈ ಜಾಡನ್ನು 2023ರ ಏಪ್ರಿಲಿನಿಂದ ಕಾಯಿದೆಯೇ ಕಡ್ಡಾಯ ಮಾಡಿದೆ. ಪಾಲುಗಾರಿಕೆಯ ಸಣ್ಣ ಅಂಗಡಿಗೆ ಆ ಕಡ್ಡಾಯವಿಲ್ಲದಿದ್ದರೂ ಮಾನವು ಬೇಕಷ್ಟೆ.

ಹಾಳೆಗಳನ್ನು ಓದಿದ ಕಾಕಾ ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ, “ಮುನೀಮ ಏನು ಮಾಡಬೇಕು?” ಎಂದು ಕೇಳಿದರಂತೆ. ಅದು ನನಗೆ ಹೊಳೆದಿರಲಿಲ್ಲ. 28 ವರ್ಷ ವಹಿ ಬರೆದವನು ತನ್ನ ಅನ್ನಕ್ಕೆ ಕುತ್ತು ಬಂದಿತೆಂದು ರಾತ್ರಿ ನಿದ್ರೆಯಿಲ್ಲದೆ ಇದ್ದನೆಂಬುದು ಆಗ ತಿಳಿಯಿತು. ಎರಡು ಲೆಕ್ಕಗಳನ್ನೂ ತಾಳೆ ನೋಡುವ ಕೆಲಸವನ್ನು ಅವನಿಗೇ ಒಪ್ಪಿಸಿದರು. ಆ ಹಂಗಾಮಿನಲ್ಲಿ ಅವನು 17 ವ್ಯತ್ಯಾಸಗಳನ್ನು ಹಿಡಿದನು. ಒಂದೇ ಹೆಸರಿನ ಇಬ್ಬರು ರೈತರನ್ನು ಯಂತ್ರವು ಒಬ್ಬನನ್ನಾಗಿ ಮಾಡಿದ್ದುವೇ ಅವುಗಳಲ್ಲಿ ಹೆಚ್ಚು. ಊರು, ಮನೆತನ, ಅಡ್ಡಹೆಸರುಗಳನ್ನು ಬಲ್ಲ ಮುನೀಮನಲ್ಲದೆ ಬೇರೆ ಯಾರೂ ಅದನ್ನು ಕಾಣಲಾರರು. ಎರಡು ವಹಿಯು ಎರಡು ಮನಸ್ಸಿನ ಲಕ್ಷಣವೆಂಬ ನನ್ನ ಹಳೆಯ ಮಾತನ್ನು ಅವನೆದುರಿಗೆ ನಾನು ಹಿಂದಕ್ಕೆ ತೆಗೆದುಕೊಂಡೆನು.

2024ರ ಏಪ್ರಿಲ್ 1ರಂದು ಲೆಕ್ಕವು ಕ್ಲೌಡನ್ನು ಸೇರಿತು. ಮುಂದಿನ ತಿಂಗಳೇ ಆಸ್ಟ್ರೇಲಿಯದಿಂದ ಒಂದು ಸುದ್ದಿ ಬಂದಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡಿನ ನೆಲೆಯು, ಸಿದ್ಧಪಡಿಸುವಾಗ ನಡೆದ ಒಂದು ತಪ್ಪಿನಿಂದ, ಎರಡು ಸ್ಥಳಗಳಲ್ಲಿದ್ದ ಪ್ರತಿಗಳ ಸಹಿತವಾಗಿ ಅಳಿದುಹೋಗಿತ್ತು. ಆ ನಿಧಿಯನ್ನು ಕಾಪಾಡಿದ್ದರಲ್ಲಿ ಬೇರೊಬ್ಬರ ಬಳಿ ಪ್ರತ್ಯೇಕವಾಗಿಟ್ಟಿದ್ದ ಪ್ರತಿಯ ಪಾಲು ದೊಡ್ಡದು. ಅಳಿಯನು ಫೋನು ಮಾಡಿದಾಗ ಅವನ ಧ್ವನಿಯು ನಡುಗುತ್ತಿತ್ತು. “ಕಾಕಾನ ಕಪಾಟದಾಗ ಪೆಟ್ಟಿಗಿ ಅದ ಇಲ್ಲೋ?” ಎಂದು ಕೇಳಿದೆನು. “ಅದ ಮಾಮಾ” ಎಂದನು. ಅಂದಿನಿಂದ ವಾರದ ಪ್ರತಿಯನ್ನು ಕಾಕಾ ತಾವೇ ಕೇಳಿ ತರಿಸಿಕೊಳ್ಳುತ್ತಾರೆ.

ಈ ಚಿಂತೆಯು ನಮ್ಮ ಒಂದು ಅಂಗಡಿಯದಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕ್ಲೌಡಿನ ಮೇಲಿನ ಒಂದೇ ಸಾಮಾನ್ಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರವು 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ ಅದರ ಬಲವೆಲ್ಲ ಊರಿನವರು ಒಬ್ಬರನ್ನೊಬ್ಬರು ಬಲ್ಲರೆಂಬುದರಲ್ಲಿತ್ತು. ಆ ಬಲವು ಕಟ್ಟಡವನ್ನು ಬದಲಾಯಿಸಿದ ಮಾತ್ರಕ್ಕೆ ತಾನಾಗಿ ಸಾಗಿ ಬರುವುದಿಲ್ಲ. ನಾವೇ ಅದನ್ನು ಹೊತ್ತು ತರಬೇಕು.

2024ರ ದೀಪಾವಳಿಯ ಪಾಡ್ಯಕ್ಕೆ ಅಂಗಡಿಯ ಪೂಜೆಗೆ ಹೋಗಿದ್ದೆನು. ಲಕ್ಷ್ಮಿಯ ಮುಂದೆ ಗಣಕಯಂತ್ರಕ್ಕೆ ಕುಂಕುಮವನ್ನಿಟ್ಟು, ಅದರ ಪಕ್ಕದಲ್ಲಿ ಹೊಸ ಕೆಂಪು ವಹಿಯನ್ನೂ ಇಟ್ಟಿದ್ದರು. ಅದರಲ್ಲಿ ತಿಂಗಳ ಕೊನೆಯ ಬಾಕಿಗಳನ್ನು ಮಾತ್ರ ಮುನೀಮನು ಬರೆಯುವನು. ಮೇಘವು ಸಂದೇಶವನ್ನು ಮುಟ್ಟಿಸಿತೇ ಇಲ್ಲವೇ ಎಂಬುದನ್ನು ಹೇಳದೆಯೇ ಕಾಳಿದಾಸನು ಕಾವ್ಯವನ್ನು ಮುಗಿಸಿದನು. ಕವಿಗೆ ಅದು ಒಪ್ಪುವುದು, ಅಡತಿಯವನಿಗೆ ಒಪ್ಪದು.

ಆ ಮುದುಕನು ಆ ಹಂಗಾಮಿನಲ್ಲಿ ಮತ್ತೆ ಅಂಗಡಿಗೆ ಹತ್ತಿಯನ್ನು ತಂದನು. ಫೋನಿಗೆ ಬಂದ ಸಂದೇಶವನ್ನು ಮೊಮ್ಮಗನಿಂದ ಎರಡು ಸಲ ಓದಿಸಿ ಕೇಳಿದನಂತೆ. ಕೇಳಿದ ಮೇಲೆಯೂ ಅಚ್ಚಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡನಂತೆ. ನಮ್ಮ ಕಟ್ಟೆಗೆ ಇನ್ನೂ ಬಂದಿಲ್ಲ. ಎಲೆಯಡಿಕೆಯ ತಟ್ಟೆಯನ್ನು ಸಂಜೆಗೆ ನಾನು ಹೊರಗೇ ಇಟ್ಟಿರುತ್ತೇನೆ.